ಪಾರಿವಾಳ ಇದೆಯಾ ಎಂದು ಕೇಳಿದ ಡಾಕ್ಟರು

ಸಂಪಾದಕರಿಗೆ ನಮಸ್ಕಾರ.

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಬಸವೇಶ್ವರನಗರದ ನಮ್ಮ ಮನೆ ತಾರಸಿಯಲ್ಲಿ ದಿನಾ ಬೆಳಿಗ್ಗೆ ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದರು. ಹಿಕ್ಕೆ ಗುಡಿಸುತ್ತಿದ್ದವರೂ ಅವರೇ. ನಾಲ್ಕನೇ ವರ್ಷಕ್ಕೆ ಒಣ ಕೆಮ್ಮು ಶುರುವಾಯಿತು. ಒಬ್ಬರು ಧೂಳಿನ ಅಲರ್ಜಿ ಅಂದರು, ಇನ್ನೊಬ್ಬರು ಆಸ್ತಮಾ ಅಂದರು. ಕಫ ಪರೀಕ್ಷೆ ಮಾಡಿಸಿದೆವು, ಟಿಬಿ ಇರಲಿಲ್ಲ. ಎಂಟು ತಿಂಗಳು ಬರೀ ಸಿರಪ್ಪು, ಮಾತ್ರೆ. ಒಂದು ರಾತ್ರಿ ಏದುಸಿರು ಜಾಸ್ತಿಯಾಗಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಕ್ಸಿಜನ್ ಮಟ್ಟ 82 ತೋರಿಸಿತು. 95ರ ಮೇಲಿರಬೇಕಾದದ್ದು.

ಐಸಿಯುಗೆ ಸೇರಿಸಿದೆವು. ಅಲ್ಲಿ ನೋಡಿದವರು ಶ್ವಾಸಕೋಶ ಮತ್ತು ತೀವ್ರ ನಿಗಾ ಚಿಕಿತ್ಸೆ ಎರಡನ್ನೂ ಓದಿಕೊಂಡ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿ.ಟಿ. ಸ್ಕ್ಯಾನ್ ನೋಡಿ, ಮಂಚದ ಪಕ್ಕ ಕುಳಿತು, "ಮನೆ ಹತ್ತಿರ ಪಾರಿವಾಳ ಇದೆಯಾ ಸಾರ್?" ಎಂದು ಕೇಳಿದರು. ಅಷ್ಟು ಸುಸ್ತಿನಲ್ಲೂ ಇವರ ಮುಖ ಅರಳಿತು. "ದಿನಾ ಒಂದು ಸೇರು ಜೋಳ ಹಾಕ್ತೀನಮ್ಮ" ಅಂದರು. ಕಾರಣ ಗೊತ್ತಾದ ಮೇಲೆ ಆ ಮುಖ ಬಾಡಿದ್ದನ್ನು ನಾನು ಮರೆಯಲಾರೆ.

ಕಾಯಿಲೆಯ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಒಣಗಿದ ಹಿಕ್ಕೆ ಮತ್ತು ರೆಕ್ಕೆಯ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಎಲ್ಲರಿಗೂ ತೊಂದರೆ ಆಗುವುದಿಲ್ಲ. ಅದೇ ಮನೆಯಲ್ಲಿದ್ದ ನನಗೆ ಏನೂ ಆಗಿಲ್ಲ. ಕೆಲವರ ದೇಹ ಮಾತ್ರ ಅದನ್ನು ಶತ್ರು ಎಂದುಕೊಂಡು ಹೋರಾಡುತ್ತದೆ, ಆ ಹೋರಾಟದಲ್ಲಿ ಶ್ವಾಸಕೋಶವೇ ಊದಿಕೊಳ್ಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಬೇಗ ಗೊತ್ತಾಗಿ ಪಾರಿವಾಳದಿಂದ ದೂರ ಇದ್ದರೆ ಸುಧಾರಿಸಬಹುದು. ತಡವಾದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗೆ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಒಂಬತ್ತು ದಿನ ಮೂಗಿನ ಮೂಲಕ ಜೋರಾಗಿ ಆಕ್ಸಿಜನ್ ಕೊಟ್ಟರು, ಸ್ಟೆರಾಯ್ಡ್ ಕೊಟ್ಟರು. ವೆಂಟಿಲೇಟರ್ ಬೇಕಾಗಲಿಲ್ಲ. ದಿನಾ ಸಂಜೆ ಆ ಡಾಕ್ಟರು ಹೊರಗೆ ಬಂದು, ಇವತ್ತು ಹೇಗಿದ್ದಾರೆ, ನಾಳೆ ಏನು ಮಾಡುತ್ತೇವೆ ಎಂದು ನನಗೆ ಅರ್ಥವಾಗುವ ಕನ್ನಡದಲ್ಲಿ ಹೇಳುತ್ತಿದ್ದರು. ಐಸಿಯು ಬಾಗಿಲಲ್ಲಿ ಕಾಯುವವರಿಗೆ ಅದು ಎಷ್ಟು ದೊಡ್ಡದು ಎಂದು ಕಾದವರಿಗೇ ಗೊತ್ತು. ಈಗ ಯಜಮಾನರು ಮನೆಯಲ್ಲಿದ್ದಾರೆ. ರಾತ್ರಿ ಆಕ್ಸಿಜನ್ ಯಂತ್ರ ಬೇಕೇ ಬೇಕು.

ನಮ್ಮ ಬಡಾವಣೆಯ ಪಾರ್ಕಿನ ಪಕ್ಕ ಈಗಲೂ ಮೂಟೆಗಟ್ಟಲೆ ಕಾಳು ಸುರಿಯುತ್ತಾರೆ. ಪುಣ್ಯ ಬರಲಿ ಎಂದೇ ಮಾಡುತ್ತಾರೆ, ನಾವೂ ಹಾಗೇ ಮಾಡಿದೆವು. ಮುಂಬೈ ಪಾಲಿಕೆ 2025ರಲ್ಲಿ ದಾದರ್‌ನ ಕಬೂತರ್‌ಖಾನೆಯನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗವನ್ನು, ಮುಚ್ಚಿಸಿತು. ಇಲ್ಲಿಯೂ ಮನೆಗಳ ನಡುವೆ, ಶಾಲೆ ಆಸ್ಪತ್ರೆಗಳ ಹತ್ತಿರ ಕಾಳು ಹಾಕುವುದನ್ನು ಪಾಲಿಕೆಯವರು ನಿಲ್ಲಿಸಬೇಕು. ಬಾಲ್ಕನಿಯಲ್ಲಿ ಹಿಕ್ಕೆ ಇದ್ದರೆ ಒಣಗಿದ್ದನ್ನು ಹಾಗೇ ಗುಡಿಸಬೇಡಿ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ನೆನೆಸಿ ತೆಗೆಯಿರಿ. ವಾರಗಟ್ಟಲೆ ಕೆಮ್ಮು ಹೋಗದಿದ್ದರೆ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ಅವರು ಕೇಳದಿದ್ದರೂ ಪಾರಿವಾಳದ ವಿಷಯ ನೀವೇ ಹೇಳಿ.

— ಒಬ್ಬ ನಿವೃತ್ತ ಶಿಕ್ಷಕಿ, ಬಸವೇಶ್ವರನಗರ, ಬೆಂಗಳೂರು