ರಥಬೀದಿಯಲ್ಲಿ ಕಂಡದ್ದು

ಕಡಿಯಾಳಿ, ಉಡುಪಿ

ಪ್ರೀತಿಯ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಮ್ಮ, ಆಯ್ತು ದೊಡ್ಡಮ್ಮ" ಅಂತ ಜಾರಿಕೊಳ್ಳುತ್ತಿ. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ರಥಬೀದಿಯಲ್ಲಿ ನಿಮ್ಮ ಮೂವರನ್ನೂ ನೋಡಿದೆ, ನಿನ್ನನ್ನು, ನೀನು ಮದುವೆಯಾಗಲೋ ಬೇಡವೋ ಅನ್ನುತ್ತಿರುವವಳನ್ನು, ಅವಳ ಮಗುವನ್ನು. ನೀನು ನನ್ನನ್ನು ನೋಡಲಿಲ್ಲ. ಹುಲಿವೇಷದ ತಾಸೆಯ ಪೆಟ್ಟು ಜೋರಾದಾಗ ಮಗು ಹೆದರಿ ಹಿಡಿದುಕೊಂಡದ್ದು ನಿನ್ನ ಅಂಗಿಯ ತುದಿಯನ್ನು. ಅಮ್ಮ ಪಕ್ಕದಲ್ಲೇ ಇದ್ದಳು, ಆದರೂ ನಿನ್ನ ಅಂಗಿ. ನೀನು ತಲೆ ಸವರಿದೆ. ಆಮೇಲೆ ಗುರುತಿನವರು ಯಾರಾದರೂ ಇದ್ದಾರಾ ಅಂತ ಆಚೀಚೆ ನೋಡಿ, ಮೆಲ್ಲ ಆ ಬೆರಳುಗಳನ್ನು ಬಿಡಿಸಿದೆ. ಮಗು ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡು ಅಮ್ಮನ ಆಚೆ ಬದಿಗೆ ಹೋಗಿ ನಿಂತಿತು. ಆ ದಿನ ಮೊಸರುಕುಡಿಕೆ ಹೇಗೆ ಒಡೆದರು ಅಂತಲೂ ನನಗೆ ನೆನಪಿಲ್ಲ.

ನಿನ್ನ ಅಮ್ಮ ಎಲ್ಲ ಹೇಳಿದ್ದಾಳೆ. ಮಗುವಿನ ಅಮ್ಮನ ಡೈವೋರ್ಸ್, ಮಗುವಿನ ಅಪ್ಪ ಭಾನುವಾರ ಬಂದು ಕರೆದುಕೊಂಡು ಹೋಗುವುದು, "ಬೇರೆಯವರ ಮಗುವನ್ನು ನನ್ನದು ಅಂದುಕೊಳ್ಳಲಿಕ್ಕೆ ಆಗುತ್ತದಾ" ಅಂತ ನೀನು ಎರಡು ವರ್ಷದಿಂದ ಕೇಳುತ್ತಾ ಇರುವುದು. ಕೇಳುವುದು ತಪ್ಪಲ್ಲ ಮಗಾ. ಕೇಳದೆ ಮದುವೆಯಾಗುವವರ ಬಗ್ಗೆಯೇ ನನಗೆ ಹೆದರಿಕೆ.

ನಾನು ನಿನ್ನ ದೊಡ್ಡಪ್ಪನ ಕೈಹಿಡಿದಾಗ ಅವರ ಮಗನಿಗೆ, ನಿನ್ನ ಅಣ್ಣನಿಗೆ, 7 ವರ್ಷ. ಹೆತ್ತ ತಾಯಿ ತೀರಿಹೋಗಿ ಹೆಚ್ಚು ದಿನ ಆಗಿರಲಿಲ್ಲ. ಆಗ "ಬೇರೆಯವರ ಮಗುವನ್ನು ಸಾಕಲಿಕ್ಕೆ ಆಗುತ್ತದಾ" ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಒಳ್ಳೆಯ ಸಂಬಂಧ ಕೂಡಿಬಂತು ಅಂದರು, ಅಷ್ಟೇ. ಈಗ ಅದೇ ಕೆಲಸ ನೀನು ಮಾಡಿದರೆ ದೊಡ್ಡ ಮನಸ್ಸು ಅನ್ನುತ್ತಾರೆ, ತ್ಯಾಗ ಅನ್ನುತ್ತಾರೆ. ಆ ಮಾತು ತಲೆಗೆ ಏರಿಸಿಕೊಳ್ಳಬೇಡ. ಉಪಕಾರ ಮಾಡಿದೆ ಅಂದುಕೊಂಡ ಗಂಡನ ಜೊತೆ ಬದುಕುವುದಕ್ಕಿಂತ ಅವಳು ಈಗ ಇರುವ ಹಾಗೆ ಇರುವುದೇ ಮೇಲು.

ಹುಡುಗ ನನ್ನನ್ನು ಅಮ್ಮ ಅನ್ನಲಿಲ್ಲ. ಶಾಲೆಯಲ್ಲಿ ಎಲ್ಲರೂ ಕರೆಯುವ ಹಾಗೆ ಟೀಚರ್ ಅಂದ. ಮೊದಲ ಮಳೆಗಾಲ ಪೂರ್ತಿ ತನ್ನ ಬಟ್ಟಲನ್ನು ತಾನೇ ತೊಳೆದು, ನನ್ನದರಿಂದ ದೂರ ಕವುಚಿ ಇಡುತ್ತಿದ್ದ. ನಾನು ಅದನ್ನು ಒಮ್ಮೆಯೂ ಸರಿಸಲಿಲ್ಲ. ಯಾವಾಗ ಎರಡೂ ಒಟ್ಟಿಗೆ ಬಂದವು ಅಂತ ಕೇಳಿದರೆ ಹೇಳಲಿಕ್ಕೆ ನನಗೆ ಗೊತ್ತಿಲ್ಲ. ಇಂದಿಗೂ ದುಬೈಯಿಂದ ಫೋನು ಮಾಡಿದರೆ "ಟೀಚರ್, ಊಟ ಆಯ್ತಾ" ಅಂತಲೇ ಕೇಳುವುದು. ಆ ಶಬ್ದ ನನಗೆ ಸಾಕು. ಹಾಗಾಗಿ ಆ ಮಗು ನಿನ್ನನ್ನು ಅಪ್ಪ ಅನ್ನಬೇಕು ಅಂತ ಕಾಯಬೇಡ. ಅದಕ್ಕೆ ಅಪ್ಪ ಒಬ್ಬ ಇದ್ದಾನೆ. ಅವನ ಬಗ್ಗೆ ಮಗುವಿನ ಎದುರು ಒಂದು ಕೆಟ್ಟ ಮಾತು ನಿನ್ನ ಬಾಯಲ್ಲಿ ಬರಬಾರದು.

ಕಾನೂನಿನಲ್ಲಿಯೂ ಹಾಗೆಯೇ ಉಂಟು. ಅವಳನ್ನು ಮದುವೆಯಾದ ಮಾತ್ರಕ್ಕೆ ನೀನು ಮಗುವಿನ ತಂದೆ ಆಗುವುದಿಲ್ಲ. 1956ರ ದತ್ತಕ ಕಾಯ್ದೆಯ ಪ್ರಕಾರ, ಹೆತ್ತ ತಂದೆ ಇರುವಾಗ ಸಾಮಾನ್ಯವಾಗಿ ಅವನ ಒಪ್ಪಿಗೆ ಇಲ್ಲದೆ ತಾಯಿಯೊಬ್ಬಳೇ ಮಗುವನ್ನು ದತ್ತು ಕೊಡಲಿಕ್ಕೆ ಆಗುವುದಿಲ್ಲ. ದತ್ತು ಆಗದ ಮಲಮಗಳಿಗೆ ನಿನ್ನ ಆಸ್ತಿಯಲ್ಲಿ ಮಗಳ ಪಾಲು ತಾನಾಗಿ ಬರುವುದೂ ಇಲ್ಲ. ಕೊಡುವ ಮನಸ್ಸಿದ್ದರೆ ವೀಲುನಾಮೆ ಬರೆದಿಡಬೇಕು. ಇನ್ನು, ಡೈವೋರ್ಸಿನ ಡಿಕ್ರಿ ಬಂದ ಮೇಲೆ ಅಪೀಲಿನ ಅವಧಿ ಮುಗಿದಿದೆಯಾ ಅಂತ ವಕೀಲರಲ್ಲಿ ವಿಚಾರಿಸು. 1955ರ ವಿವಾಹ ಕಾಯ್ದೆ ಅದಕ್ಕೆ ಮುಂಚೆ ಮರುಮದುವೆಗೆ ಬಿಡುವುದಿಲ್ಲ. ಇದನ್ನೆಲ್ಲ ಅವಳ ಜೊತೆಗೇ ಕೂತು ಮಾತಾಡು, ಬೆನ್ನ ಹಿಂದೆ ಬೇಡ.

"ನಮ್ಮ ಕಡೆ ಇಂಥದ್ದು ಇಲ್ಲ" ಅಂತ ನಿನ್ನ ಚಿಕ್ಕಪ್ಪ ಹೇಳಿದರಂತೆ. ಯಾವ ಕಡೆ? ನಮ್ಮ ತುಳುನಾಡಿನ ಬಂಟರಲ್ಲಿ ಕನ್ಯೆಯ ಮದುವೆಗೆ ಕೈದಾರೆ, ವಿಧವೆಯ ಮದುವೆಗೆ ಬುಡುದಾರೆ ಅಂತ ಹಿಂದಿನಿಂದಲೂ ಬೇರೆ ಬೇರೆ ಹೆಸರೇ ಉಂಟು. ಹೆಸರಿಟ್ಟು ನಡೆಸಿಕೊಂಡು ಬಂದ ಪದ್ಧತಿ ಅದು. ಅಳಿಯಕಟ್ಟಿನ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೇ ಸೇರಿದವರು. ಚಿಕ್ಕಪ್ಪನಿಗೆ ನಾನು ಹೇಳುತ್ತೇನೆ, ಅದು ನಿನ್ನ ತಲೆನೋವಲ್ಲ. ನಿನ್ನ ಅಮ್ಮನನ್ನೂ ನನಗೆ ಬಿಡು, ಅವಳು ಮಗುವನ್ನು ಒಮ್ಮೆ ನೋಡಿದರೆ ಸಾಕು.

ನಿನಗೆ ಉಳಿಯುವುದು ಒಂದೇ ಕೆಲಸ. ನಿನ್ನ ಸಂಶಯಕ್ಕೆ ಬೇಕಾದಷ್ಟು ಸಮಯ ತೆಗೆದುಕೋ, ಆದರೆ ಆ ಸಮಯವನ್ನು ಮಗುವಿನ ಕೈಯಿಂದ ತೆಗೆದುಕೊಳ್ಳಬೇಡ. ಅವಳು ದೊಡ್ಡವಳು, ನೀನು ಆಗುವುದಿಲ್ಲ ಅಂದರೆ ಅತ್ತು ಸುಧಾರಿಸಿಕೊಂಡಾಳು. ಆರು ವರ್ಷದ ಮಗುವಿಗೆ ಒಬ್ಬ ಅಪ್ಪ ಈಗಾಗಲೇ ಭಾನುವಾರದವನಾಗಿದ್ದಾನೆ. ನೀನೂ ಬಂದು ಹೋಗುವವನೇ ಆಗುವುದಾದರೆ ಇನ್ನು ಮೇಲೆ ಐಸ್‌ಕ್ರೀಮು, ಮಲ್ಪೆ ಬೀಚು ಅಂತ ಕರೆದುಕೊಂಡು ಹೋಗುವುದು ನಿಲ್ಲಿಸು. ಆಗುವುದಿಲ್ಲ ಅಂತಾದರೆ ಈ ವಾರವೇ ಅವಳ ಮನೆಗೆ ಹೋಗಿ ಬಾಯಿಬಿಟ್ಟು ಹೇಳು. ನಾನು ನಿನ್ನ ಮೇಲೆ ಸಿಟ್ಟಾಗುವುದಿಲ್ಲ.

ಆಗುತ್ತದೆ ಅಂತಾದರೆ ಬರುವ ಭಾನುವಾರ ಬಿಟ್ಟು ಅದರ ಮುಂದಿನ ಶನಿವಾರ ಮೂವರೂ ಊಟಕ್ಕೆ ಬನ್ನಿ. ಹಿತ್ತಲಲ್ಲಿ ಕೆಸುವಿನ ಎಲೆ ಇನ್ನೂ ಎಳತಾಗಿ ಉಂಟು, ಪತ್ರೊಡೆ ಮಾಡುತ್ತೇನೆ. ಮಗು ಖಾರ ತಿನ್ನುತ್ತದಾ ಇಲ್ಲವಾ, ಅವಳಮ್ಮನ ಹತ್ತಿರ ಕೇಳಿ ತಿಳಿಸು. ತಿನ್ನದಿದ್ದರೆ ಅದಕ್ಕೆ ಬೇರೆ ಬೆಲ್ಲ ಹಾಕಿ ಮಾಡಬೇಕು.

ಇಂತಿ ನಿನ್ನ
ದೊಡ್ಡಮ್ಮ