ಹಳೇ ಕಾಂಪ್ಲೆಕ್ಸಿನ ಮಳಿಗೆ ಹಿಡಿಯುವ ಮುಂಚೆ

ಸದಸ್ಯರಿಗೆ ನಮಸ್ಕಾರ. ಕಲಬುರಗಿಯ ಹಳೇ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಖಾಲಿ ಬಿದ್ದ ಮಳಿಗೆಯನ್ನು ರೊಟ್ಟಿ ಕೇಂದ್ರಕ್ಕೋ ಓದುವ ಕೋಣೆಗೋ ಹಿಡಿಯುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ.

ಮೊದಲು ಚಾವಣಿ. ಸ್ಲ್ಯಾಬಿನ ತಳದಲ್ಲಿ ಸಿಮೆಂಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ಎಂಜಿನಿಯರ್ ನೋಡಲೇಬೇಕು. ಬರೀ ಪ್ಲಾಸ್ಟರ್ ಮೆತ್ತಿದರೆ ತುಕ್ಕು ಒಳಗೇ ಉಬ್ಬಿ ಮತ್ತೆ ಕಳಚುತ್ತದೆ. ಸ್ಲ್ಯಾಬ್ ಗಟ್ಟಿ ಇದ್ದರೆ ತಾರಸಿಯ ಪೈಪಿನ ಬಾಯಿಗೆ ಒದ್ದೆ ಗೋಣಿ ತುರುಕಿ, ಒಂದು ಇಂಚು ನೀರು ನಿಲ್ಲಿಸಿ 24 ತಾಸು ಬಿಡಿ. ಕೆಳಗೆ ಒದ್ದೆಯಾದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ.

ಗೋಡೆಯಲ್ಲಿ ಬಿರುಕು ಕಂಡ ಕೂಡಲೇ ಹೆದರಬೇಡಿ, ಮುಚ್ಚಲೂ ಬೇಡಿ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಹಾಕಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಅರ್ಥ.

ಎರಡು ಮಳಿಗೆ ಕೂಡಿಸುವಾಗ ನಾಲ್ಕೂವರೆ ಇಂಚಿನ ಗೋಡೆ ಸಾಮಾನ್ಯವಾಗಿ ಬರೀ ಅಡ್ಡಗೋಡೆ, ಚಾವಣಿಯ ಭಾರ ಹೊರುವುದಿಲ್ಲ. ಒಂಬತ್ತು ಇಂಚಿನದು ಭಾರ ಹೊತ್ತಿರಬಹುದು, ಅದನ್ನು ಎಂಜಿನಿಯರ್ ಒಪ್ಪದೆ ಮುಟ್ಟಲೇಬೇಡಿ.

ರೊಟ್ಟಿ ಕೇಂದ್ರವನ್ನು ನೆಲಮಾಳಿಗೆಯಲ್ಲಿ ಮಾಡಬಾರದು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಹಳೇ ವೈರಿಂಗ್ ಫ್ಯಾನು-ಟ್ಯೂಬ್‌ಲೈಟಿಗೆ ಮಾಡಿದ್ದು. ಹಿಟ್ಟಿನ ಮೋಟರ್ ಕೂರಿಸುವುದಾದರೆ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿ, ಹೊಸ ತಾಮ್ರದ ವೈರ್ ಮತ್ತು ಅರ್ಥಿಂಗ್ ಮಾಡಿಸಿ.

ಓದುವ ಕೋಣೆಗೆ ಒಂದೇ ಶಟರ್ ಸಾಲದು, ಹಿಂದೆ ಇನ್ನೊಂದು ಬಾಗಿಲು ಬೇಕೇ ಬೇಕು.

ತಾರಸಿ ರಿಪೇರಿ ಖರ್ಚು ಯಾರದ್ದು ಎಂಬುದನ್ನು ಕರಾರಿನಲ್ಲೇ ಬರೆಸಿ.