ಆಟಿಯ ಅಡುಗೆ, ಅಪ್ಪನ ಬಿಪಿ

ಟೊರೊಂಟೊ
ಜುಲೈ ತಿಂಗಳು

ಪ್ರೀತಿಯ ಅಮ್ಮನಿಗೆ,

ನಾವು ಇಲ್ಲಿ ಸೌಖ್ಯ. ಅಪ್ಪನ ಬಿಪಿಗೆ ಅಂತ ಯಾರೋ ಕೊಟ್ಟ ಡಯಟ್ ಚಾರ್ಟನ್ನು ನೀನು ಕಳಿಸಿದ್ದು ನೋಡಿದೆ. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ! ಬರೆದವರು ಉಡುಪಿಯ ಮಳೆಗಾಲ ಕಂಡವರಲ್ಲ. ಫೋನಿನಲ್ಲಿ ಹೇಳಹೊರಟರೆ ಅಪ್ಪ ನಡುವೆ ಬಾಯಿ ಹಾಕ್ತಾರೆ, ಅದಕ್ಕೇ ಈ ಕಾಗದ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ನಮ್ಮ ದೇಶದವರಿಗೆಂದೇ ಆಹಾರದ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಅನ್ನ ಬಿಡಿ ಅಂತ ಎಲ್ಲಿಯೂ ಇಲ್ಲ. 2000 ಕ್ಯಾಲೊರಿ ಬೇಕಾದವರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ. ಧಾನ್ಯದ ಲೆಕ್ಕ ಅನ್ನ ಮಾಡುವ ಮೊದಲಿನ ಅಕ್ಕಿಯ ತೂಕದ್ದು. ಬೆಳಗಿನ ನೀರುದೋಸೆ, ಮಧ್ಯಾಹ್ನದ ಅನ್ನ, ರಾತ್ರಿಯ ಗಂಜಿ ಎಲ್ಲ ಅದರೊಳಗೇ ಬಂತು. ಅಂಗಡಿಯಲ್ಲಿ ಒಮ್ಮೆ 250 ಗ್ರಾಂ ತೂಗಿಸಿ ತಂದು ನೋಡು, ನಮ್ಮ ಮನೆಯ ಒಬ್ಬೊಬ್ಬರ ಪಾಲು ಅದಕ್ಕಿಂತ ಎಷ್ಟು ಹೆಚ್ಚುಂಟು ಅಂತ ನಿನಗೇ ಗೊತ್ತಾಗ್ತದೆ. ಅಪ್ಪ ಈಗ ಅಂಗಳ ದಾಟುವುದೇ ಅಪರೂಪ, ಅವರಿಗೆ ಇನ್ನೂ ಕಡಿಮೆ ಸಾಕು. ಕುಚ್ಚಲಕ್ಕಿ ಮಾತ್ರ ಬಿಡಬೇಡ. ಭತ್ತವನ್ನು ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ, ಭತ್ತ ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಗೆ ಆ ಭಾಗ್ಯ ಇಲ್ಲ.

ನನಗೆ ಹೆದರಿಕೆ ಅನ್ನದ್ದಲ್ಲ, ಉಪ್ಪಿನದ್ದು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಆಟಿಯಲ್ಲಿ, ಈ ಜಡಿಮಳೆಯ ತಿಂಗಳಲ್ಲಿ, ನಮ್ಮ ಅಡುಗೆಮನೆಯ ಕಪಾಟನ್ನು ನೆನಪು ಮಾಡು: ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಭರಣಿಯಲ್ಲಿ ಉಪ್ಪು ನೀರಿನ ಹಲಸಿನ ಸೊಳೆ. ಮಳೆಗೆ ಹಾಳಾಗದಂತೆ ಅಜ್ಜಿಯಂದಿರು ಮಾಡಿದ್ದು ಸರಿಯೇ. ಆದರೆ ಅವರು ಇಡೀ ದಿನ ಗದ್ದೆಯಲ್ಲಿ ಬೆವರು ಸುರಿಸುವವರು. 2026ರಿಂದ ಇಲ್ಲಿ ಸೋಡಿಯಂ ಜಾಸ್ತಿ ಇರುವ ಪೊಟ್ಟಣದ ಮುಂದೆಯೇ ಭೂತಗನ್ನಡಿಯ ಕಪ್ಪು ಬಿಳಿ ಚಿತ್ರ ಹಾಕಲೇಬೇಕು. ನಮ್ಮ ಭರಣಿಗೆ ಯಾರು ಹಾಕ್ತಾರೆ?

ಸೊಳೆಯನ್ನು ರಾತ್ರಿಯಿಡೀ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ ಹಿಂಡು, ಆಮೇಲೆ ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡ. ಗಂಜಿಗೆ ಉಪ್ಪಿನಕಾಯಿ ಬದಲು ಹುರುಳಿ ಚಟ್ನಿ ಅರೆ. ಕಾಳಿನ ಲೆಕ್ಕಕ್ಕೂ ಆಯಿತು, ಅಪ್ಪನ ಬಾಯಿಗೂ ಆಯಿತು. ಸೊಪ್ಪಿಗಂತೂ ಸಂತೆಗೆ ಹೋಗುವುದೇ ಬೇಡ. ಬಾವಿಕಟ್ಟೆಯ ಹತ್ತಿರ ತಿಮರೆ, ತೋಟದ ಬದಿಯಲ್ಲಿ ತಜಂಕ್, ಚಪ್ಪರದಲ್ಲಿ ಬಸಳೆ. ತಜಂಕಿಗೆ ಹಲಸಿನ ಬೀಜ ಹಾಕಿ ನೀನು ಮಾಡುವ ಪಲ್ಯ ಇಲ್ಲಿ ಡಾಲರ್ ಕೊಟ್ಟರೂ ಸಿಗುವುದಿಲ್ಲ. ಕೆನಡಾದ ಮಾರ್ಗಸೂಚಿಯ ಚಿತ್ರದಲ್ಲಿ ಅರ್ಧ ತಟ್ಟೆ ತರಕಾರಿ, ಹಣ್ಣು. ಕಾಲು ಭಾಗ ಮಾತ್ರ ಧಾನ್ಯ. ಅಪ್ಪನ ಬಟ್ಟಲಿಗೆ ಮೊದಲು ಪಲ್ಯ ಬಡಿಸು, ಅನ್ನ ಆಮೇಲೆ.

ಯಾಂತ್ರಿಕ ಬೋಟುಗಳಿಗೆ ಜುಲೈ 31ರವರೆಗೆ ರಜೆಯಲ್ಲವಾ? ಮಲ್ಪೆಗೆ ಹಸಿ ಮೀನು ಬಂದ ಮೇಲೆ ಬಂಗುಡೆ, ಭೂತಾಯಿ ಧಾರಾಳ ತೆಗೆದುಕೊಳ್ಳಿ. ಒಮೇಗಾ 3 ಅಂತ ಇಲ್ಲಿನವರು ಮಾತ್ರೆಯಲ್ಲಿ ನುಂಗುವುದು ಅದರಲ್ಲಿ ತಾನಾಗಿಯೇ ಉಂಟು. ಹುರಿಯುವುದು ಅಪರೂಪಕ್ಕೆ, ಉಳಿದ ದಿನ ಹುಳಿ ಖಾರದ ಪುಳಿಮುಂಚಿ ಸಾರು.

ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಬಂದಿದೆ ಅಂತ ದೊಡ್ಡಮ್ಮ ಹೇಳಿದ್ದಾರಂತೆ. ಅದರಲ್ಲಿ ಪೊಟ್ಯಾಸಿಯಂ ಇರ್ತದೆ. ಕಿಡ್ನಿ ತೊಂದರೆ ಇದ್ದವರಿಗೂ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೂ ಅದು ಆಗುವುದಿಲ್ಲ, ಡಾಕ್ಟರರನ್ನು ಕೇಳದೆ ತರಬೇಡಿ.

ಮುಂದಿನ ಸಲ ಬಿಪಿ ನೋಡಿಸಿದಾಗ ಮೇಲಿನದ್ದು, ಕೆಳಗಿನದ್ದು ಎರಡೂ ನೀನೇ ಬರೆದು ಕಳಿಸು. "ನಾರ್ಮಲ್ ಉಂಟು" ಅಂತ ಅಪ್ಪ ಹೇಳಿದ್ದು ನನಗೆ ಸಾಲದು.

ಇತಿ,
ನಿನ್ನ ಮಗಳು